ಹಿತ್ತಿಲಿಗೆ ಬಂದ ಪರಂಗಿ

ಕನಕಪುರದ ನಮ್ಮ ಹಳೆಯ ಮನೆಯ ಹಿತ್ತಿಲಿನಲ್ಲಿ, ಬಚ್ಚಲ ನೀರು ಹರಿದು ನಿಲ್ಲುವ ಕಡೆ, ಸದಾ ಒಂದು ಪರಂಗಿ ಗಿಡವಿರುತ್ತಿತ್ತು. ಒಂದು ಮುರಿದು ಬಿದ್ದರೆ ಅದರ ಬುಡದ ಆಸುಪಾಸಿನಲ್ಲೇ ಮತ್ತೊಂದು ತಾನಾಗಿ ಏಳುತ್ತಿತ್ತು. ಬಾವಿಯ ಪಕ್ಕದಲ್ಲಿ ಸೀಬೆ, ಬೇಲಿಯ ಅಂಚಿನಲ್ಲಿ ಸೀತಾಫಲ, ಕೊಟ್ಟಿಗೆಯ ಹಿಂದೆ ಸೀಮೆಹುಣಸೆ. ಇವನ್ನು ಇಂಥವರು ತಂದು ನೆಟ್ಟರೆಂದು ಮನೆಯಲ್ಲಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಊರ ಪಕ್ಕದಲ್ಲಿ ಅರ್ಕಾವತಿ ಹರಿಯುವಷ್ಟೇ ಸಹಜವಾಗಿ ಅವೂ ಅಲ್ಲಿದ್ದವು.

ಮೂರು ವರ್ಷಗಳ ಹಿಂದೆ ನನ್ನ ತಮ್ಮನ ಮಗ, ಮನೆಯನ್ನು ಪಾಲು ಮಾಡಿ ಕಟ್ಟಿಸಿದ ಮೇಲೆ ಉಳಿದಿದ್ದ ತುಂಡು ನೆಲದಲ್ಲಿ ಹೊಸ ಗಿಡಗಳನ್ನು ಹಾಕಬೇಕೆಂದು ಹೊರಟ. ಹೆದ್ದಾರಿಯ ಬದಿಯ ಒಂದು ನರ್ಸರಿಯಿಂದ ರಂಬುಟಾನ್, ಬೆಣ್ಣೆಹಣ್ಣು, ಡ್ರ್ಯಾಗನ್ ಹಣ್ಣಿನ ಸಸಿಗಳನ್ನು ತಂದ. ಜಾಗ ಸಾಲದಾಯಿತು. "ದೊಡ್ಡಪ್ಪ, ಈ ಹಳೇ ನಾಟಿ ಗಿಡಗಳನ್ನು ತೆಗೆಸಿಬಿಡೋಣ. ಇವು ಎಲ್ಲರ ಮನೆಯಲ್ಲೂ ಇರುತ್ತವೆ. ನಾವು ಫಾರಿನ್ ಹಣ್ಣು ಬೆಳೆಯೋಣ" ಎಂದ. ನಾಟಿ ಎಂದು ಅವನು ಬೆರಳು ಮಾಡಿದ್ದು ಸೀಬೆಯ ಕಡೆಗೆ, ಸೀತಾಫಲದ ಕಡೆಗೆ, ಪರಂಗಿಯ ಕಡೆಗೆ. ನನಗೆ ನಗು ಬಂದಿತಾದರೂ ಆಗ ತಕ್ಕ ಉತ್ತರ ಹೊಳೆಯಲಿಲ್ಲ. ಇದನ್ನು ಆ ಉತ್ತರವೆಂದು ಓದುಗರು ತಿಳಿದುಕೊಳ್ಳಬಹುದು.

ಐನೂರು ವರ್ಷಗಳ ಹಿಂದೆ ಯಾರಾದರೂ ಈ ಸೀಮೆಯ ಹಿತ್ತಿಲುಗಳನ್ನು ಸುತ್ತಿ ಬಂದಿದ್ದರೆ ಅವರಿಗೆ ಅಲ್ಲಿ ಪರಂಗಿಯಾಗಲಿ ಸೀಬೆಯಾಗಲಿ ಕಾಣಸಿಗುತ್ತಿರಲಿಲ್ಲ. ನಮ್ಮಲ್ಲಿ ತೋಟಗಾರಿಕೆಯ ವಿದ್ಯೆ ಇರಲಿಲ್ಲವೆಂದು ಇದರ ಅರ್ಥವಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವಿದೆ. ಗಿಡಮರಗಳ ರೋಗ, ಅವುಗಳ ಆರೈಕೆ, ಗೊಬ್ಬರದ ನೀರು, ಎಲ್ಲವೂ ಅಲ್ಲಿ ವಿಚಾರಕ್ಕೆ ಬಂದಿವೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗನೊಬ್ಬನಿಗೆ ಮನೆಯ ಮರಗಳ ಚಿಂತೆ ಗ್ರಂಥಕ್ಕೆ ತಕ್ಕ ವಸ್ತುವಾಗಿತ್ತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಪೇಟೆಯ ಹಣ್ಣುಗಳನ್ನು ಬಾಯಿ ಚಪ್ಪರಿಸುತ್ತ ವರ್ಣಿಸಿದ್ದಾನೆ. ಕಿತ್ತಳೆ, ನಿಂಬೆ, ದ್ರಾಕ್ಷಿ, ದಾಳಿಂಬೆ. ದಾಳಿಂಬೆ ಪಣಕ್ಕೆ ಹತ್ತು, ದ್ರಾಕ್ಷಿ ಪಣಕ್ಕೆ ಮೂರು ಗೊಂಚಲು ಎಂದು ಬೆಲೆಯನ್ನೂ ಗುರುತು ಹಾಕಿಕೊಂಡಿದ್ದಾನೆ. ಪರಂಗಿ, ಸೀಬೆ, ಅನಾನಸುಗಳು ಆಗಿನ್ನೂ ಸಮುದ್ರದ ಆಚೆಯಲ್ಲಿದ್ದವು. ಅವುಗಳ ತೌರು ಅಮೆರಿಕ ಖಂಡ. ಕೊಲಂಬಸನ 1492ರ ಯಾನವಾಗಿ ಇಪ್ಪತ್ತೆಂಟು ವರ್ಷಗಳಷ್ಟೇ ಕಳೆದಿದ್ದವು.

ಅವು ಬಂದ ದಾರಿಯ ಗುರುತು ಶಾಸನಗಳಲ್ಲಿ ಸಿಗುವುದಿಲ್ಲ. ಹಣ್ಣಿನ ಬೀಜ ತಂದವನಿಗೆ ಯಾರೂ ವೀರಗಲ್ಲು ನೆಡಿಸಲಿಲ್ಲ. ಆದರೆ ನಮ್ಮ ಹಳ್ಳಿಗರು ಇಟ್ಟ ಹೆಸರುಗಳಲ್ಲಿ ಆ ಚರಿತ್ರೆ ಹಾಗೆಯೇ ಉಳಿದುಕೊಂಡಿದೆ. 'ಪರಂಗಿ' ಎಂಬ ಮಾತನ್ನೇ ನೋಡಿ. ಧರ್ಮಯುದ್ಧಗಳ ಕಾಲದಲ್ಲಿ ಪಶ್ಚಿಮದಿಂದ ಬಂದ ಫ್ರಾಂಕ್ ಜನರನ್ನು ಅರಬರು 'ಇಫ್ರಂಜ್' ಎಂದು ಕರೆದರು. ಪಾರಸಿಯಲ್ಲಿ ಅದು 'ಫರಂಗಿ'ಯಾಯಿತು. ಹಡಗಿನಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದಾಗ ಅವರಿಗಾಗಿ ಆ ಹೆಸರು ಮೊದಲೇ ಸಿದ್ಧವಾಗಿ ಕಾದಿತ್ತು. ಅವರ ಹಿಂದೆ ಬಂದದ್ದೆಲ್ಲವೂ ಪರಂಗಿಯೇ. ಹದಿನಾರನೆಯ ಶತಮಾನದ ವೈದ್ಯಗ್ರಂಥ 'ಭಾವಪ್ರಕಾಶ'ವು ಅವರೊಡನೆ ಬಂದ ಗುಹ್ಯರೋಗವನ್ನು ಫಿರಂಗರೋಗವೆಂದು ಕರೆಯಿತು. ತಮಿಳರು ಕುಂಬಳಕಾಯಿಯ ಒಂದು ಜಾತಿಯನ್ನು ಪರಂಗಿಕ್ಕಾಯಿ ಎಂದರು. ನಾವು ಪಪಾಯವನ್ನು ಪರಂಗಿ ಎಂದೆವು. ರೋಗಕ್ಕೂ ಹಣ್ಣಿಗೂ ಒಂದೇ ಹೆಸರು!

ಆ ಹಣ್ಣು ಹೊಸದಾಗಿದ್ದಾಗ ಅದನ್ನು ನೋಡಿ ಬರೆದವನೊಬ್ಬನಿದ್ದಾನೆ. ಡಚ್ಚನಾದ ಲಿನ್ಸ್‌ಹೋಟೆನ್ 1583ರಿಂದ 1588ರವರೆಗೆ ಗೋವೆಯ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿದ್ದನು. ಊರಿಗೆ ಮರಳಿದ ಮೇಲೆ 1596ರಲ್ಲಿ ತನ್ನ ಪ್ರವಾಸಕಥನವನ್ನು ಅಚ್ಚು ಹಾಕಿಸಿದನು. ಸ್ಪೇನಿನವರ ಇಂಡೀಸಿನಿಂದ ಫಿಲಿಪೀನ್ಸಿನ ಕಡೆಯಾಗಿ ಮಲಾಕ್ಕೆಗೆ, ಅಲ್ಲಿಂದ ಇಂಡಿಯಾಕ್ಕೆ ಬಂದ ಹಣ್ಣು ಇದು ಎಂದು ಅವನು ಪಪಾಯದ ಜಾತಕವನ್ನು ಸ್ಪಷ್ಟವಾಗಿ ಕೊಡುತ್ತಾನೆ. ಅಂದರೆ ಅದು ನಮ್ಮಲ್ಲಿಗೆ ಬಂದದ್ದು ಪಶ್ಚಿಮದಿಂದಲ್ಲ, ಪೂರ್ವದ ಬಾಗಿಲಿನಿಂದ. ಇನ್ನೂ ಒಂದು ಮಾತನ್ನು ಅವನು ಹೇಳಿದ್ದಾನೆ: ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಎರಡೂ ಒಂದರ ಬಳಿ ಒಂದು ಇರದೆ ಹಣ್ಣು ಬಿಡುವುದಿಲ್ಲ. ಮಹಾಧರ್ಮಾಧ್ಯಕ್ಷರ ಕಚೇರಿಯ ಕಾಗದಪತ್ರಗಳ ನಡುವೆ ಕುಳಿತ ಗುಮಾಸ್ತನಿಗೆ ಇದನ್ನು ಗಮನಿಸುವ ಕಣ್ಣಿತ್ತಲ್ಲ ಎಂದು ನನಗೆ ಆಶ್ಚರ್ಯವಾಗುತ್ತದೆ. ನಮ್ಮ ಅಜ್ಜಿಗೂ ಇದು ಗೊತ್ತಿತ್ತು. ಉದ್ದನೆಯ ತೊಟ್ಟಿನಲ್ಲಿ ಹೂಗೊಂಚಲು ಜೋಲಾಡಿಸಿಕೊಂಡು ಕಾಯಿ ಕಟ್ಟದೆ ನಿಂತ ಗಿಡವನ್ನು ಆಕೆ 'ಗಂಡು ಪರಂಗಿ' ಎಂದು ಬೈಯುತ್ತಿದ್ದಳು. ಅದರ ಕಾಂಡಕ್ಕೆ ಹಳೆಯ ಮೊಳೆಯೊಂದನ್ನು ಹೊಡೆದರೆ ಬುದ್ಧಿ ಕಲಿತು ಕಾಯಿ ಬಿಡುತ್ತದೆಂದು ನಂಬಿದ್ದಳು. ಆದರೆ ಕಡಿಯಲು ಮಾತ್ರ ಬಿಡುತ್ತಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ನೆನಪಿಸಿಕೊಳ್ಳದೆ ಮುಂದೆ ಹೋಗಲಾಗದು. ಅದೇ ಕಾಲದಲ್ಲಿ ಅದೇ ಹೆಸರಿನ ಭಾರವನ್ನು ಹೊತ್ತ ಇನ್ನೊಂದು ಸಂಗತಿಯಿತ್ತು. ಕ್ರೈಸ್ತ ವಿಶ್ವಾಸವನ್ನು ಜನರು ಪರಂಗಿಯವರ ಮತವೆನ್ನುತ್ತಿದ್ದರು. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ಗುರು ರಾಬರ್ಟೊ ದೆ ನೊಬಿಲಿಯವರು ತಾವು ಪರಂಗಿಯಲ್ಲವೆಂದು ಸಾರಿ ಹೇಳಬೇಕಾಯಿತು. ಕಾಷಾಯ ಉಟ್ಟು, ಸಸ್ಯಾಹಾರಿಯಾಗಿ, ಸಂನ್ಯಾಸಿಯಂತೆ ಬಾಳಿ, ಈ ನೆಲದ ಭಾಷೆಯಲ್ಲೇ ಮಾತಾಡಿದರು. ಅವರ ದಾರಿಯನ್ನೇ ಹಿಡಿದ ಇಟಲಿಯ ಲಿಯೊನಾರ್ಡೊ ಚಿನ್ನಮಿಯವರು 1649ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನಿಗೆ ತಳಹದಿ ಹಾಕಿದರು. ನಮ್ಮ ಕನಕಪುರ, ಆಗಿನ ಕಾನಕಾನಹಳ್ಳಿ, ಆ ಮಿಶನ್ನಿನ ಹಳೆಯ ನೆಲೆಗಳಲ್ಲಿ ಒಂದು. ಕಾಷಾಯ ಉಟ್ಟ ಆ ಗುರುಗಳು ಹೆಸರನ್ನು ಕಳಚಿಕೊಳ್ಳಲು ಇಷ್ಟೆಲ್ಲ ಪಾಡುಪಡುತ್ತಿದ್ದಾಗ, ಆ ಹೆಸರನ್ನು ಹೊತ್ತ ಹಣ್ಣು ಮಾತ್ರ ಯಾವ ವೇಷವನ್ನೂ ತೊಡದೆ ಒಂದೊಂದೇ ಹಿತ್ತಿಲನ್ನು ಹೊಕ್ಕು ನೆಲೆಯೂರಿತು. ಇಂದು ಯಾರೂ 'ಪರಂಗಿ ಹಣ್ಣು' ಎನ್ನುವಾಗ ಪೋರ್ಚುಗೀಸರನ್ನು ನೆನೆಯುವುದಿಲ್ಲ. ಬಾಣಂತಿಗೆ ಹಾಲು ಕಡಿಮೆಯಾದರೆ ಪರಂಗಿ ಕಾಯಿಯ ಪಲ್ಯ, ಬಸುರಿಗೆ ಮಾತ್ರ ಪರಂಗಿ ಕೂಡದು ಎಂಬ ಕಟ್ಟುನಿಟ್ಟು. ಮನೆಯ ಅತ್ಯಂತ ಒಳಗಿನ ಮಾತುಗಳಿಗೆ ಅದು ಬಂದು ಸೇರಿದೆ.

'ಸೀಮೆ' ಎಂಬುದು ಇನ್ನೊಂದು ಹಣೆಪಟ್ಟಿ. ಪರದೇಶದಿಂದ ಬಂದದ್ದೆಲ್ಲ ಸೀಮೆಯದು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಮೆಕ್ಸಿಕೋದ ಕಡೆಯಿಂದ ಬಂದು, ಸುರುಳಿ ಸುತ್ತಿದ ಕಾಯಿಯೊಳಗೆ ಬಿಳಿ-ಗುಲಾಬಿ ತಿರುಳಿರುವ ಮುಳ್ಳುಮರಕ್ಕೆ ನಾವು ಸೀಮೆಹುಣಸೆ ಎಂದು ಕರೆದೆವು. ಅದು ಹುಣಸೆಯ ನೆಂಟನಂತೆ ಕಂಡಿತು, ಆದರೆ ಊರಿನದಲ್ಲ. ಇದರಲ್ಲಿರುವ ತಮಾಷೆಯೆಂದರೆ ನಮ್ಮ ಹುಣಸೆಯೂ ಊರಿನದಲ್ಲ. ಸಸ್ಯಶಾಸ್ತ್ರಜ್ಞರ ಪ್ರಕಾರ ಹುಣಸೆಯ ಮೂಲ ಉಷ್ಣವಲಯದ ಆಫ್ರಿಕ. ಬಹು ಪ್ರಾಚೀನ ಕಾಲದಲ್ಲೇ ಅದು ಇಲ್ಲಿಗೆ ಬಂದು, ಸಾತನೂರಿನಿಂದ ಸಂಗಮದವರೆಗಿನ ದಾರಿಯ ಇಕ್ಕೆಲಗಳಲ್ಲಿ ನಿಂತಾಗ ಅದಕ್ಕಿಂತ ಹಳೆಯದು ಬೇರಿಲ್ಲವೆಂಬಂತೆ ಕಾಣುತ್ತದೆ. ಅರಬರು ಅದನ್ನು ನಮ್ಮಿಂದ ಪಡೆದರು. ಆದ್ದರಿಂದ ಅದನ್ನು 'ತಮರ್ ಹಿಂದಿ', ಹಿಂದೂಸ್ಥಾನದ ಖರ್ಜೂರ, ಎಂದರು. ಕೊಟ್ಟವರ ಊರೇ ಹಣ್ಣಿನ ಊರು ಎನ್ನುವುದು ಲೋಕದ ವಾಡಿಕೆ.

ಕರಾವಳಿಯಲ್ಲಿ ಈ ಹೆಸರುಗಳು ಇನ್ನೂ ಹಸಿಯಾಗಿವೆ. ನಮ್ಮ ಸೀಬೆಗೆ ಅಲ್ಲಿ ಪೇರಲೆ ಎನ್ನುತ್ತಾರೆ; ಅದು ಪೋರ್ಚುಗೀಸಿನ 'ಪೇರ', ಅಂದರೆ ಅವರ ಊರಿನ ಬೇರೊಂದು ಹಣ್ಣಿನ ಹೆಸರು. ತಮ್ಮ ಮನೆಯ ಹಣ್ಣನ್ನು ನೆನೆದು ಅವರು ಇಟ್ಟ ಹೆಸರನ್ನು ನಾವು ನಮ್ಮ ಮನೆಯ ಹಣ್ಣಿಗೆ ಉಳಿಸಿಕೊಂಡೆವು. ಮಲೆಯಾಳದಲ್ಲಿ ಗೋಡಂಬಿಗೆ 'ಹಡಗಿನ ಮಾವು' ಎಂಬರ್ಥದ ಹೆಸರಿತ್ತು, ಅನಾನಸಿಗೆ 'ಹಡಗಿನ ಹಲಸು' ಎಂದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ 'ಹೊರ್ಟಸ್ ಮಲಬಾರಿಕಸ್' ಎಂಬ ಮಹಾಗ್ರಂಥದಲ್ಲಿ ಈ ಹೆಸರುಗಳು ದಾಖಲಾಗಿವೆ. ಆ ಗ್ರಂಥದ ಮೊದಲ ಕೆಲಸಕ್ಕೆ ನೆರವಾದವರು ಮ್ಯಾಥ್ಯೂ ಎಂಬ ಕಾರ್ಮೆಲ್ ಸಭೆಯ ಗುರುಗಳು. ಗೋಡಂಬಿಯ ಆಗಮನವನ್ನಂತೂ ಬೆರಳಿಟ್ಟು ತೋರಿಸಬಹುದು. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಪುಸ್ತಕದಲ್ಲಿ ಅದರ ಸುದ್ದಿಯಿಲ್ಲ. 1578ರ ಕ್ರಿಸ್ತೊವಾವ್ ದ ಕೋಸ್ತನ ಪುಸ್ತಕದಲ್ಲಿ ಅದು ಕೊಚ್ಚಿಯ ತೋಟಗಳಲ್ಲಿ ಬಂದು ನಿಂತಿದೆ.

ಸೀತಾಫಲದ ಕಥೆ ಬೇರೆ. ಅದಕ್ಕೆ ಪರಂಗಿಯೆಂದಾಗಲಿ ಸೀಮೆಯೆಂದಾಗಲಿ ಯಾರೂ ಹೇಳಲಿಲ್ಲ. ನೇರವಾಗಿ ರಾಮಾಯಣಕ್ಕೇ ಸೇರಿಸಿಬಿಟ್ಟರು. ಅದರ ಬಂಧುಗಳು ರಾಮಫಲ, ಲಕ್ಷ್ಮಣಫಲ, ಕೊನೆಗೆ ಹನುಮಫಲವೂ ಆದವು. ಇಡೀ ಕುಟುಂಬವೇ ವನವಾಸಕ್ಕೆ ಬಂದಂತಾಯಿತು. ಭರ್ಹುತದ ಪ್ರಾಚೀನ ಶಿಲ್ಪಗಳಲ್ಲಿ ಸೀತಾಫಲದಂಥ ಆಕೃತಿಯನ್ನು ಕಂಡ ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಭಾರತದ್ದೇ ಹಣ್ಣಿರಬೇಕೆಂದು ವಾದಿಸಿದನು. ಮರದ ಹತ್ತಿರದ ಕಾಡುಬಂಧುಗಳೆಲ್ಲ ಅಮೆರಿಕದಲ್ಲಿವೆ ಎಂಬುದು ಇದಕ್ಕೆ ಎದುರಾದ ವಾದ. ನಮ್ಮ ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆಂದು ಅಮೆರಿಕದ ವಿದ್ವಾಂಸರು 1989ರಲ್ಲಿ ಹೇಳಿದಾಗಲೂ ಇಂಥದೇ ಚರ್ಚೆ ನಡೆಯಿತು. ಅದು ಮುತ್ತು ಪೋಣಿಸಿದ ಮುಕ್ತಾಫಲವೆಂದು 1993ರಲ್ಲಿ ನಮ್ಮ ವಿಜ್ಞಾನಿಗಳು ಉತ್ತರ ಕೊಟ್ಟರು. ಕಲ್ಲಿನಲ್ಲಿ ಕಂಡ ಉಬ್ಬುತಗ್ಗಿಗಿಂತ ಬದುಕಿರುವ ಮರದ ಬಂಧುಬಳಗವೇ ಹೆಚ್ಚು ನಂಬತಕ್ಕ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಹೊರಗಿನದಾದರೂ ಸೀತಾಫಲ ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಹಬ್ಬಿದ್ದು ಹೇಗೆ? ಕಾರಣ ಬಹಳ ಸರಳ. ಅದರ ಎಲೆಯನ್ನು ಮೇಕೆ ಮುಟ್ಟುವುದಿಲ್ಲ. ಹೇನಿಗೆ ಅರೆದು ಹಚ್ಚುವ ಅದರ ಬೀಜವಂತೂ ವಿಷವೇ. ಕಣ್ಣಿಗೆ ತಾಗಿದರೆ ಕೇಡು. ಮೇಕೆ ಕಾಯುವ ನಾಡಿನಲ್ಲಿ ಮೇಕೆ ತಿನ್ನದ ಗಿಡಕ್ಕೆ ಬದುಕುವುದು ಕಷ್ಟವಲ್ಲ.

ಹಾಗಾದರೆ ಮಾವಾದರೂ ನಮ್ಮದೇ ಅಲ್ಲವೆ? ಮಾವು ನಮ್ಮದೇ. ಆದರೆ ರಾಮನಗರ, ಕನಕಪುರಗಳ ರೈತನಿಗೆ ಹಣ ತರುವ ಬಾದಾಮಿ ಮಾವಿನ ಹುಟ್ಟು ಅಷ್ಟು ಸರಳವಲ್ಲ. ನಾವು ಬಾದಾಮಿ ಎನ್ನುವುದು ಕೊಂಕಣದ ಆಪೂಸು; ಆಪೂಸು ಎಂದರೆ ಅಫೊನ್ಸೊ. ಗೋವೆಯನ್ನು ಗೆದ್ದ ಅಫೊನ್ಸೊ ದ ಆಲ್ಬುಕರ್ಕನ ಹೆಸರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹದಿನೇಳನೆಯ ಶತಮಾನದಲ್ಲಿ ಮೊಗಲರ ರಾಜ್ಯದಲ್ಲೂ ದಕ್ಷಿಣದಲ್ಲೂ ದೀರ್ಘಕಾಲವಿದ್ದ ವೆನಿಸ್ಸಿನ ಮನೂಚಿ, ಗೋವೆಯ ಒಳ್ಳೆಯ ಮಾವುಗಳನ್ನು ಹೆಸರಿಸುವಾಗ ನಿಕೊಲಾವ್ ಅಫೊನ್ಸೊ ಎಂಬ ಹೆಸರಿನ ಮಾವನ್ನು ಹೇಳಿದ್ದಾನೆ. ಯಾರೋ ಒಬ್ಬ ಗೃಹಸ್ಥನ ಹಿತ್ತಿಲಿನ ಮರವೇ ಮೂಲವಾಗಿರಬೇಕೆಂದು ನನಗೆ ತೋರುತ್ತದೆ. ಮಾವಿನ ಗೊರಟೆ ನೆಟ್ಟರೆ ತಾಯಿಮರದ ರುಚಿ ಬರುವ ಭರವಸೆಯಿಲ್ಲ. ಪ್ರತಿ ಗೊರಟೆಯೂ ಒಂದು ಹೊಸ ಜಾತಿ. ರುಚಿಯನ್ನು ಹಾಗೆಯೇ ಉಳಿಸಬೇಕಾದರೆ ಕಸಿ ಕಟ್ಟಬೇಕು. ಗೋವೆಯ ಪೋರ್ಚುಗೀಸರು, ಅದರಲ್ಲೂ ಯೇಸುಸಭೆಯ ಗುರುಗಳು, ಆ ಕೈಕೆಲಸವನ್ನು ಮಾವಿಗೆ ಅಳವಡಿಸಿದರು. ಕುಂಡದಲ್ಲಿ ಬೆಳೆಸಿದ ನಾಟಿ ಸಸಿಯನ್ನು ಒಳ್ಳೆಯ ಮರದ ಕೊಂಬೆಯ ಬಳಿಗೆ ಏರಿಸಿ, ಎರಡರ ತೊಗಟೆಯನ್ನೂ ಹೆರೆದು, ಒಂದಕ್ಕೊಂದು ಒತ್ತಿ ಕಟ್ಟಿ, ಬೆಸೆದ ಮೇಲೆ ಬೇರ್ಪಡಿಸುವುದು. ಇದನ್ನೇ ನಮ್ಮ ತೋಟಗಾರಿಕೆಯವರು ಸಾಮೀಪ್ಯ ಕಸಿ ಎನ್ನುತ್ತಾರೆ. ಮರ ನಮ್ಮದು, ಕಸಿಯ ಗಂಟು ಪರಂಗಿಯವರದು. ಆ ಗಂಟು ಇಲ್ಲದಿದ್ದರೆ ಇಂದು ಏಪ್ರಿಲ್ ತಿಂಗಳಲ್ಲಿ ರಾಮನಗರದ ಮಾರುಕಟ್ಟೆಗೆ ಬರುವ ಬಾದಾಮಿಯೂ ಇಲ್ಲ.

ಒಳನಾಡಿಗೆ ಬಂದರೆ ದೊರೆಗಳ ತೋಟಗಳ ಪಾತ್ರ ಕಾಣುತ್ತದೆ. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಹಾಕಿಸಿದನು. ಟಿಪ್ಪು ಮಸ್ಕತ್ತಿನಿಂದ ರೇಷ್ಮೆಹುಳುವನ್ನೂ ಕೇಸರಿಯ ಬೀಜವನ್ನೂ ತರಿಸಲು ಕಾಗದ ಬರೆದನು. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಬೀಜಗಳನ್ನೂ ತೋಟಗಾರರನ್ನೂ ಕೇಳಿದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುಲ್ತಾನನ ತೋಟದಲ್ಲಿ ಒಂದೊಂದು ಚೌಕಕ್ಕೆ ಒಂದೊಂದೇ ಜಾತಿಯ ಗಿಡವಿದ್ದುದನ್ನು, ಸೇಬು ಮತ್ತು ಪೀಚ್ ಮರಗಳು ಹಣ್ಣು ಬಿಡುವುದನ್ನು ಬರೆದಿದ್ದಾನೆ. ಅದೇ ಬುಕಾನನ್ ಕಾನಕಾನಹಳ್ಳಿಯ ಮೇಲೂ ಹಾದುಹೋದನು. ಇಲ್ಲಿ ಅವನಿಗೆ ತೋಟದ ವೈಭವವೇನೂ ಕಾಣಲಿಲ್ಲ. ಶತ್ರುಸೈನ್ಯಕ್ಕೆ ನೆಲೆಯಾಗಬಾರದೆಂದು ಟಿಪ್ಪುವೇ ಈ ಊರನ್ನು ಹಾಳುಗೆಡವಿಸಿದ್ದನು. ಬೆಂಗಳೂರಿನ ತೋಟದಲ್ಲಿ ಪೀಚ್ ಹಣ್ಣಾಗುತ್ತಿದ್ದಾಗ ಎರಡು ದಿನದ ನಡಿಗೆಯ ದೂರದಲ್ಲಿ ಊರೇ ಪಾಳು. ಆ ಪೀಚು ಇಂದು ನಮ್ಮ ಹಿತ್ತಿಲುಗಳಲ್ಲಿ ಇಲ್ಲ. ಪಾಳು ಊರಿನ ಬೂದಿಗುಂಡಿಯಲ್ಲಿ ತಾನಾಗಿ ಮೊಳೆತ ಪರಂಗಿ ಇದೆ. ದೊರೆಗಳ ಮುದ್ದಿನ ಗಿಡಗಳಿಗಿಂತ ಬಚ್ಚಲ ನೀರಿನ ಗಿಡಗಳೇ ಗಟ್ಟಿ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹೀಗೆಂದರೆ ಲಾಲ್‌ಬಾಗಿಗೆ ಅನ್ಯಾಯವಾದೀತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾದ ಮೇಲೆ, 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಪರಿಚಯಿಸಿದ ಸೀಮೆಬದನೆ ಇವತ್ತು ನಮ್ಮ ಸಾಂಬಾರಿನಲ್ಲಿದೆ. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗೆಲ್, ಸ್ವಾತಂತ್ರ್ಯದ ನಂತರ ನಮ್ಮವರೇ ಆದ ಎಂ. ಎಚ್. ಮರಿಗೌಡರು, ಹೊರಗಿನ ಗಿಡಗಳನ್ನು ಉದ್ಯಾನದ ಬೇಲಿಯಿಂದಾಚೆಗೆ ಕಳಿಸಿದರು. ಮರಿಗೌಡರ ಕಾಲದಲ್ಲಿ ತಾಲ್ಲೂಕುಗಳಲ್ಲಿ ತೋಟಗಾರಿಕೆಯ ಕ್ಷೇತ್ರಗಳೂ ಸಸ್ಯಾಗಾರಗಳೂ ಎದ್ದವು. ಕಸಿ ಮಾಡಿದ ಗಿಡ ಬೇಕೆಂದರೆ ಬೆಂಗಳೂರಿಗೇ ಹೋಗಬೇಕೆಂಬುದು ತಪ್ಪಿತು. ಸಪೋಟ ಮನೆಮನೆಗೆ ಬಂದದ್ದು ಈ ದಾರಿಯಲ್ಲಿ. ಅದೂ ಮೆಕ್ಸಿಕೋದ ಮರವೇ. ಅಲ್ಲಿ ಅದರ ಹಾಲಿನಿಂದ ಅಗಿಯುವ ಅಂಟು ಮಾಡುತ್ತಿದ್ದರು. ಅದರ ಬೀಜದ ಸಸಿ ನಿಧಾನ. ಆದ್ದರಿಂದ ಖಿರ್ನಿ ಎಂಬ ನಮ್ಮದೇ ಕಾಡುಮರದ ಬೇರಿನ ಮೇಲೆ ಸಪೋಟದ ಕೊಂಬೆಯನ್ನು ಕಸಿ ಕಟ್ಟುತ್ತಾರೆ. ಕೆಳಗೆ ಒಣನೆಲದಲ್ಲಿ ನೀರು ಹುಡುಕುವುದು ದೇಶದ ಬೇರು, ಮೇಲೆ ಸಿಹಿಯಾಗುವುದು ಪರದೇಶದ ಹಣ್ಣು. ಕಸಿಯ ಗಂಟಿನ ಕೆಳಗೆ ಚಿಗುರೊಡೆದರೆ ಅದನ್ನು ಚಿವುಟಿಹಾಕಬೇಕು ಎಂದು ಹೇಳಿಕೊಡುತ್ತಾರೆ. ಹಾಗೆ ಚಿವುಟುವಾಗಲೆಲ್ಲ ನನಗೆ ಖಿರ್ನಿಯ ಮೇಲೆ ಸ್ವಲ್ಪ ಕನಿಕರ.

ಹೊರಗಿನಿಂದ ಬಂದದ್ದೆಲ್ಲವೂ ಹಣ್ಣಾಗಿಯೇ ಬರಲಿಲ್ಲ. ಹೂವಿನ ಚಂದಕ್ಕೆಂದು ಹತ್ತೊ೦ಬತ್ತನೆಯ ಶತಮಾನದ ಆರಂಭದಲ್ಲಿ ತಂದ ಲಂಟಾನ ಇಂದು ಕಾವೇರಿ ಕಣಿವೆಯ ಕಾಡಿನ ಕೆಳಭಾಗವನ್ನೆಲ್ಲ ನುಂಗಿದೆ. ಅದರ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜ ಬಿತ್ತುತ್ತವೆ. ಕಾರೆ, ಕವಳೆ, ಎಲಚಿಯಂಥ ನಮ್ಮ ಕಾಡುಹಣ್ಣಿನ ಪೊದೆಗಳಿಗೆ ಉಸಿರಾಡಲು ಜಾಗವಿಲ್ಲ. ಬೇಲಿಗೆಂದು ನೆಟ್ಟ ಅಮೆರಿಕದ ಪಾಪಾಸುಕಳ್ಳಿಯೂ ಹೀಗೆಯೇ ಹೊಲಗಳನ್ನು ಕವಿದಿತ್ತು. 1926ರಲ್ಲಿ ಅದನ್ನು ತಿನ್ನುವ ಕೀಟವನ್ನು ಸಿಂಹಳದಿಂದ ತಂದು ಬಿಟ್ಟ ಮೇಲಷ್ಟೇ ಅದು ಹಿಂದೆ ಸರಿಯಿತು. ಇದರಲ್ಲಿ ನಾವೂ ಸಾಲಗಾರರೇ. ಭಾರತದಿಂದ ಬ್ರೆಜಿಲಿಗೆ ಹೋದ ನಮ್ಮ ಹಲಸು ರಿಯೊ ನಗರದ ತಿಜುಕ ಕಾಡಿನಲ್ಲಿ ಅಲ್ಲಿನ ಮರಗಳನ್ನು ಒತ್ತರಿಸಿ ಬೆಳೆದು, ಅದನ್ನು ಹತೋಟಿಗೆ ತರುವುದೇ ಅಲ್ಲಿನವರಿಗೆ ಕೆಲಸವಾಗಿದೆ. ನಮ್ಮ ಮನೆಯ ಕಲ್ಪವೃಕ್ಷ ಅವರಿಗೆ ಲಂಟಾನ.

ಹಳೆಯ ಅತಿಥಿಯ ಹಿಂದೆ ಅದರ ಶತ್ರುವೂ ಬರಬಹುದೆಂಬುದನ್ನು ನಾವು ಕಣ್ಣಾರೆ ಕಂಡೆವು. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಗಿಡಗಳ ಮೇಲೆ ಬಿಳಿಯ ಹತ್ತಿಯಂಥ ಹಿಟ್ಟುತಿಗಣೆ ಕಾಣಿಸಿಕೊಂಡಿತು. ಮೆಕ್ಸಿಕೋ ಕಡೆಯ ಕೀಟ. ಪರಂಗಿ ಬಂದು ನಾಲ್ಕು ಶತಮಾನಗಳ ಮೇಲೆ ಅದರ ಜಾಡು ಹಿಡಿದು ಬಂತು. ಅದು ಪರಂಗಿಗೆ ನಿಲ್ಲಲಿಲ್ಲ, ತಮಿಳುನಾಡು ಮತ್ತು ಕರ್ನಾಟಕದ ಹಿಪ್ಪುನೇರಳೆ ತೋಟಗಳಿಗೂ ಹತ್ತಿತು. ಹಿಪ್ಪುನೇರಳೆಗೆ ಹತ್ತಿದರೆ ರೇಷ್ಮೆಹುಳುವಿಗೆ ಸೊಪ್ಪಿಲ್ಲ. ಸೊಪ್ಪಿಲ್ಲದಿದ್ದರೆ ಕನಕಪುರದಂಥ ತಾಲ್ಲೂಕಿನಲ್ಲಿ ಎಷ್ಟು ಮನೆಗಳ ಒಲೆ ತಣ್ಣಗಾಗುತ್ತದೆಂದು ವಿವರಿಸಬೇಕಾಗಿಲ್ಲ. ಔಷಧಿ ಹೊಡೆಯುವಂತೆಯೂ ಇಲ್ಲ, ಹೊಡೆದ ಸೊಪ್ಪು ತಿಂದರೆ ಹುಳುವೇ ಸಾಯುತ್ತದೆ. ಕಡೆಗೆ 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಕೀಟಸಂಸ್ಥೆಯವರು ಪೋರ್ಟೊರಿಕೊದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಆ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಕೆಲವೇ ತಿಂಗಳುಗಳಲ್ಲಿ ಪೀಡೆ ಇಳಿಯಿತು. ಗಿಡ, ಗಿಡದ ಶತ್ರು, ಶತ್ರುವಿನ ಶತ್ರು, ಮೂರೂ ಸಮುದ್ರದಾಚೆಯಿಂದ ಬಂದು ನಮ್ಮ ಹಿತ್ತಿಲಿನಲ್ಲಿ ಸೇರಿದವು.

ಈಗ ಡ್ರ್ಯಾಗನ್ ಹಣ್ಣಿನ ಸರದಿ. ಅದೂ ಅಮೆರಿಕ ಖಂಡದ ಕಳ್ಳಿ. ಅಂದರೆ ನಮ್ಮ ಹಿರಿಯರು ಶಪಿಸುತ್ತ ಕಡಿದ ಪಾಪಾಸುಕಳ್ಳಿಯ ಹತ್ತಿರದ ಸಂಬಂಧಿ. ಬಾಲ್ಯದಲ್ಲಿ ನಾವು ಮುಳ್ಳು ಉಜ್ಜಿ ತಿಂದು ಬಾಯಿ ಕೆಂಪು ಮಾಡಿಕೊಂಡು ಏಟು ತಿನ್ನುತ್ತಿದ್ದ ಹಣ್ಣಿನ ದಾಯಾದಿಯನ್ನು ಈಗ ಕಲ್ಲುಕಂಬಕ್ಕೆ ಹಬ್ಬಿಸಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. 2021ರಲ್ಲಿ ಗುಜರಾತ್ ಸರ್ಕಾರ ಅದಕ್ಕೆ 'ಕಮಲಂ' ಎಂದು ಹೆಸರಿಟ್ಟಿತು. 2023ರಲ್ಲಿ ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅದಕ್ಕಾಗಿ ಉತ್ಕೃಷ್ಟತಾ ಕೇಂದ್ರವೊಂದು ಮಂಜೂರಾದಾಗಲೂ ಇದೇ ಹೆಸರೇ ಬಂತು. ಹಳ್ಳಿಗರು ಸೀತೆಯ ಹೆಸರಿಟ್ಟದ್ದಕ್ಕೆ ಅಪ್ಪಣೆ ಹೊರಡಬೇಕಾಗಿರಲಿಲ್ಲ. ಈಗ ಸರ್ಕಾರ ಹೆಸರಿಡುತ್ತದೆ. ಆ ಹೆಸರು ನಿಲ್ಲುವುದೋ ಇಲ್ಲವೋ ಹಿತ್ತಿಲಿನ ನಾಲಗೆ ತೀರ್ಮಾನಿಸುತ್ತದೆ. ಕಾನಕಾನಹಳ್ಳಿ ಕನಕಪುರವಾಗಿ ನಿಂತಿತು. ನಮ್ಮ ರಾಮನಗರ ಜಿಲ್ಲೆಗೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿದೆ.

ಅದೇ ಹಿರೇಹಳ್ಳಿಯ ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸುತ್ತದೆ. ತುಮಕೂರು ಜಿಲ್ಲೆಯ ರೈತರೊಬ್ಬರ ಜಮೀನಿನಲ್ಲಿ ತಂದೆ ನೆಟ್ಟಿದ್ದ, ಮೂವತ್ತೈದು ವರ್ಷ ದಾಟಿದ ಒಂದೇ ಒಂದು ಹಲಸಿನ ಮರವಿತ್ತು. ತಾಮ್ರದ ಬಣ್ಣದ ತೊಳೆ, ಎರಡೂವರೆ ಕಿಲೋ ಆಸುಪಾಸಿನ ಚಿಕ್ಕ ಹಣ್ಣು, ಒಳ್ಳೆಯ ಪೋಷಕಾಂಶ. ಮನೆಯವರು ಅದನ್ನು ಬಂಧುಗಳಿಗೆ, ಸ್ನೇಹಿತರಿಗೆ ಹಂಚಿ ತಿನ್ನುತ್ತಿದ್ದರು. 2017ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿ, ಮರ ನೆಟ್ಟ ತಂದೆಯ ನೆನಪಿಗೆ 'ಸಿದ್ದು' ಎಂಬ ಹೆಸರಿನಲ್ಲಿ ಕಸಿ ಮಾಡಿ, ಗಿಡ ಮಾರಾಟದ ಆದಾಯದಲ್ಲಿ ರೈತನಿಗೂ ಪಾಲು ಕೊಡುವ ಒಪ್ಪಂದ ಮಾಡಿಕೊಂಡರು. ಅಪರೂಪದ ಹಣ್ಣನ್ನು ಹುಡುಕುತ್ತ ಮಲಯಕ್ಕೆ ಹೋಗಬೇಕಾಗಿರಲಿಲ್ಲ; ನೆರೆಯ ಜಿಲ್ಲೆಯ ಕೆಮ್ಮಣ್ಣಿನಲ್ಲಿ ಅದು ಮೂವತ್ತೈದು ವರ್ಷ ನಿಂತಿತ್ತು. ಇಂಥ ಎಷ್ಟು ಒಂಟಿ ಮರಗಳು, ಮನೆ ಪಾಲಾದಾಗ, ಸೈಟು ಮಾಡಿದಾಗ, ರಸ್ತೆ ಅಗಲವಾದಾಗ, ರುಚಿ ನೋಡಿದವರ ಬಾಯಲ್ಲಷ್ಟೇ ಉಳಿದು ಹೋದವೋ. ಕಸಿ ಕಟ್ಟದೆ ಕಡಿದ ಮಾವಿನ ಮರ ಮತ್ತೆ ಹುಟ್ಟುವುದಿಲ್ಲ. ಗೋವೆಯ ಆ ಅಫೊನ್ಸೊನ ಮರದ ಕೊಂಬೆಯನ್ನು ಯಾರೋ ಸಕಾಲದಲ್ಲಿ ಕಸಿ ಕಟ್ಟಿದರು, ನಾವು ಬಾದಾಮಿ ತಿನ್ನುತ್ತಿದ್ದೇವೆ.

ನಮ್ಮ ಹಿತ್ತಿಲಿನ ವಿಷಯಕ್ಕೆ ಬರುತ್ತೇನೆ. ಬೆಣ್ಣೆಹಣ್ಣಿನ ಗಿಡ ಚೆನ್ನಾಗಿ ಬಂದಿದೆ. ಈ ಹವೆ ಅದಕ್ಕೆ ಒಗ್ಗುತ್ತದೆ. ಡ್ರ್ಯಾಗನ್ ಕಳ್ಳಿ ಕಂಬದ ತುದಿಯಿಂದ ಕೆಳಗೆ ಜೋತಿದೆ, ಹೋದ ಮಳೆಗಾಲದಲ್ಲಿ ರಾತ್ರಿ ಅರಳುವ ಅದರ ದೊಡ್ಡ ಬಿಳಿ ಹೂವನ್ನು ನೋಡಲು ಬೀದಿಯ ಮಕ್ಕಳೆಲ್ಲ ಬಂದಿದ್ದರು. ರಂಬುಟಾನ್ ಮಾತ್ರ ಬೇಸಿಗೆ ಬಂತೆಂದರೆ ಎಲೆಯ ಅಂಚು ಸುಟ್ಟುಕೊಂಡು ನಿಲ್ಲುತ್ತದೆ. ಸದಾ ತೇವವಿರುವ ಕರಾವಳಿಯ, ಕೇರಳದ ಹವೆ ಬೇಕಾದ ಮರ; ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುವ ನಮ್ಮ ಬಯಲಿನಲ್ಲಿ ಅದಕ್ಕೆ ದಿನವೂ ದಾಹ. ಮೊನ್ನೆ ಅದರ ಬುಡವನ್ನು ಕೆದಕಿ ನೋಡಿದೆ. ಕಸಿ ಗಿಡವೆಂದು ಹೇಳಿ ಕೊಟ್ಟಿದ್ದರು. ಕಸಿಯ ಗಂಟು ಎಲ್ಲೂ ಕಾಣಲಿಲ್ಲ. ಬೀಜದಿಂದ ಎದ್ದ ಸಸಿ. ಬೀಜದ ರಂಬುಟಾನ್ ಗಂಡೂ ಆಗಬಹುದು, ಪರಂಗಿಯ ಹಾಗೆಯೇ. ಅದು ತಿಳಿಯಲು ಇನ್ನೂ ಮೂರು ನಾಲ್ಕು ವರ್ಷ ಕಾಯಬೇಕು.

"ಕಿತ್ತು ಹಾಕೋಣವೆ ದೊಡ್ಡಪ್ಪ?" ಎಂದು ಅವನೇ ಕೇಳಿದ. ಇರಲಿ ಎಂದೆ. ಸೀತಾಫಲವನ್ನು ಅವನು ಕಡಿಸಿರಲಿಲ್ಲ. ಅದರ ಅರೆನೆರಳು ರಂಬುಟಾನಿನ ಮೇಲೆ ಬೀಳಲಿ ಎಂದು ಬಿಟ್ಟಿದ್ದಾನೆ. ಬಚ್ಚಲ ನೀರು ಈಗ ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ. ಆದರೂ ಪೈಪು ಒಸರುವ ಕಡೆ, ಕಲ್ಲುಕಂಬದ ಬುಡದಲ್ಲಿ, ಯಾರೂ ನೆಡದ ಒಂದು ಪರಂಗಿ ಸಸಿ ಮೊಳಕಾಲೆತ್ತರಕ್ಕೆ ಬೆಳೆದಿದೆ. ಗಂಡೋ ಹೆಣ್ಣೋ ಇನ್ನೂ ಗೊತ್ತಾಗಿಲ್ಲ.